ಕಾಗಿಣಾ ನುಂಗಿದ ಗುಂಡುಕಲ್ಲು

ಮುಳುಗುವುದರಿಂದಲೇ ಮೇಲೆ ಬಂದವನು ನಮ್ಮ ಅಂಬರಾಯ. ಶಹಾಬಾದದ ಕಡೆ ಕಾಗಿಣಾ ಹೊಳೆಯ ದಂಡೆಯಲ್ಲಿ ಹುಟ್ಟಿದ ಆತ ೧೯೭೪ರಲ್ಲಿ ವಿಶಾಖಪಟ್ಟಣದ ನೌಕಾ ಪ್ರಯೋಗಾಲಯವೊಂದರಲ್ಲಿದ್ದ. ಶತ್ರು ಹಡಗಿಗೆಂದು ಸಮುದ್ರದ ತಳಕ್ಕೆ ಬಿಟ್ಟ ಸಿಡಿಗುಂಡು ಹೂಳಿನಲ್ಲಿ ಎಷ್ಟು ಇಳಿಯುತ್ತದೆಂದು ಮುಂಚೆಯೇ ಲೆಕ್ಕ ಹಾಕಿ ಹೇಳುವುದು ಆತನ ಕೆಲಸ. ಹೂತ ಗುಂಡು ಹುಡುಕುವವರಿಗೆ ಸಿಗುವುದಿಲ್ಲ, ಹಡಗಿಗೆ ಮಾತ್ರ ಸಿಗುತ್ತದೆ. "ಮುಳುಗಾಕೂ ಪಗಾರ ಕೊಡ್ತಾರೇನೋ!" ಎಂದು ಊರವರಿಗೆ ನಗು.

ತಂಗಿ ಭೀಮಬಾಯಿಯ ಮದುವೆ ನಿಶ್ಚಯಕ್ಕೆ ರಜೆಯಲ್ಲಿ ಬಂದವನು ಹೊಳೆ ಕಂಡೊಡನೆ ತಡೆದುಕೊಳ್ಳಲಿಲ್ಲ. ಮುನ್ನಾದಿನ ಸಂಜೆ ಅಡುಗೆಮನೆಯ ಒರಳಿನ ಗುಂಡುಕಲ್ಲು ಹೊತ್ತೊಯ್ದು, ಮೊಣಕಾಲುದ್ದ ನೀರಿನ ಮರಳ ಮೇಲಿಟ್ಟು, ಎಷ್ಟು ಇಳಿಯುತ್ತದೆ ನೋಡೋಣವೆಂದು ಪಕ್ಕದಲ್ಲೊಂದು ಗುರುತಿನ ಕೋಲು ನೆಟ್ಟು ಬಂದ. ಬೆಳಿಗ್ಗೆ ಕೋಲಿತ್ತು, ಕಲ್ಲಿರಲಿಲ್ಲ.

ಮನೆಯಲ್ಲಿ ಕಡಲೆಬೇಳೆ ಬೆಂದು ಕೂತಿತ್ತು. ಗುಂಡಗುರ್ತಿಯಿಂದ ಬೀಗರು ಹೊರಟಾಗಿತ್ತು. ನಿಶ್ಚಯದ ದಿನ ಹೋಳಿಗೆ ಇಲ್ಲವೆಂದರೆ ಹೆಣ್ಣು ಕೊಡಲು ಮನಸ್ಸಿಲ್ಲವೆಂದೇ ಅರ್ಥ. ಎರವಲು ಕಲ್ಲಿನಲ್ಲಿ ಮಂಗಳಕಾರ್ಯದ ಹೂರಣ ರುಬ್ಬುವುದು ಆ ಮನೆತನದಲ್ಲಿ ನಡೆಯದು.

"ಅಂಬ್ಯಾ, ಸಮುದ್ರ ಸಾಲಲಿಲ್ಲೇನೋ, ನನ್ನ ಒಳ್ಳಕಲ್ಲಿಗೂ ಕೈ ಹಾಕ್ದಿ?" ಎನ್ನುತ್ತ ತಾಯಿ ಚಂದಮ್ಮ ಸೀರೆ ಎತ್ತಿಕಟ್ಟಿ ಹೊಳೆಗಿಳಿದು, ನೀರು ಹರಿಯುವ ದಿಕ್ಕಿಗೆ ತಡಕತೊಡಗಿದಳು.

"ಯವ್ವಾ, ಆ ಕಡಿ ಅಲ್ಲ, ಈ ಕಡಿ ಬಾ. ನೀರು ಬಂದು ಬಡಿಯೋ ಮಗ್ಗಲಾಗ ಮರಳು ಕೊರದು ಗುಂಡಿ ಬೀಳ್ತದ. ಕಲ್ಲು ಅದರಾಗ ಉರುಳ್ತದ. ಆಮ್ಯಾಲೆ ಹೊಳೀನೇ ಮರಳು ಹೊಚ್ಚಿ ಮಲಗಸ್ತದ."

"ಕಲ್ಲು ಹೊಳಿಗೆ ಎದುರು ನಡೀತದಂತ! ಇದನ್ನ ಕಲೀಲಿಕ್ಕ ರೈಲು ಹತ್ತಿದ್ದೇನೋ?"

ಆದರೆ ಕೋಲಿನಿಂದ ಗೇಣು ದೂರ, ನೀರು ಬರುವ ದಿಕ್ಕಿಗೆ, ಆತ ಹೇಳಿದಲ್ಲೇ, ಮರಳಿನಡಿ ಕಲ್ಲು ಕೈಗೆ ತಗುಲಿತು. ಎಳೆದರೆ ಬರಲೊಲ್ಲದು. ಕೆದರಿದಷ್ಟೂ ಮರಳು ಬಂದು ತುಂಬುತ್ತಿತ್ತು.

"ನಾ ಇಳಿಯೋದಷ್ಟೇ ಕಲ್ತೀನಿ ಯವ್ವಾ," ಎಂದ ಅಂಬರಾಯ ಸಪ್ಪಗೆ. "ಏರೋದು ಬ್ಯಾರೆ ಆಫೀಸು."

ಅಷ್ಟರಲ್ಲಿ ಮನೆ ಖಾಲಿ ಕಂಡ ಬೀಗರು ಹೊಳೆಗೇ ಬಂದರು. ವಿಷಯ ಕೇಳಿದ ವರನ ತಂದೆ ದೇವಿಂದ್ರಪ್ಪ ಹೊಸ ರುಮಾಲನ್ನು ದಂಡೆಯಲ್ಲಿಟ್ಟು, ಧೋತರ ಮೇಲೆ ಸಿಕ್ಕಿಸಿ ನೀರಿಗಿಳಿದ. ಅವರೂ ಹೊಳೆಯ ಮಂದಿಯೇ. ಮರಳಿನಲ್ಲಿ ಸಿಕ್ಕ ದೋಣಿ ಬಿಡಿಸುವಾಗ ಮಾಡುವಂತೆ, ಗಂಡಸರೆಲ್ಲ ಹೆಗಲಿಗೆ ಕೈಹಾಕಿ ಸುತ್ತ ನಿಂತು, ಮರಳು ಅಂಬಲಿಯಾಗುವವರೆಗೆ ತುಳಿದರು. ಕಲ್ಲು ಎದ್ದಿತು. ಗುಂಡು ಎತ್ತಲು ಗುಂಡಗುರ್ತಿಯವರೇ ಬೇಕಾಯಿತು!

"ಬೀಗರ ಕೈಲಿ ಇಂಥಾ ಕೆಲಸ ಮಾಡಿಸಿದ್ವಿ, ಬ್ಯಾಸರ ಆಗಬ್ಯಾಡ್ರಿ," ಎಂದಳು ಚಂದಮ್ಮ.

"ನಿಮ್ಮ ಮನಿ ಕಲ್ಲು ಹೆಗಲಿಗೆ ಏರಿಸ್ಕೊಂಡೀನಿ, ಇನ್ಯಾವ ನಿಶ್ಚಯ ಬೇಕ್ರಿ?" ಎಂದ ದೇವಿಂದ್ರಪ್ಪ. "ಲಗೂ ರುಬ್ರಿ, ಭಾಳ ಹಸದೀವಿ."

ಎಷ್ಟು ತೊಳೆದರೂ ಮರಳು ಪೂರಾ ಹೋಗಿರಲಿಲ್ಲ. ಮೊದಲ ತುತ್ತಿಗೇ ಎಲ್ಲರ ಹಲ್ಲಲ್ಲಿ ಕರಕರ. ಅಂಬರಾಯ ತಲೆ ಎತ್ತಲಿಲ್ಲ. ದೇವಿಂದ್ರಪ್ಪ ಮಾತ್ರ ಅಗಿದು ನುಂಗಿ, ಇನ್ನೊಂದು ಹೋಳಿಗೆ ಹಾಕಿಸಿಕೊಂಡ.