ಎರಡನೇ ಬೆಲ್ ಆದ ಮೇಲೆ ತಳ್ಳಿದ ಮೂಟೆ

ಆವತ್ತು ಕಾರಿನಲ್ಲಿದ್ದದ್ದು ಮೂವರೇ. ಸ್ಟೀರಿಂಗ್ ಹಿಡಿದು ನಾನು, ಪಕ್ಕದಲ್ಲಿ ಶಾಂತಿಗ್ರಾಮದ ನಮ್ಮ ಸೋದರಮಾವ, ಹಿಂದೆ ಚನ್ನರಾಯಪಟ್ಟಣದಲ್ಲಿ ಹತ್ತಿಕೊಂಡ ರಿಟೈರ್ಡ್ ಸುಬೇದಾರರು. ಇಬ್ಬರಿಗೂ ಎಪ್ಪತ್ತೈದು ದಾಟಿದೆ. ಬೆಂಗಳೂರಿನ ಒಂದು ಮ್ಯೂಸಿಯಮ್ಮಿನಲ್ಲಿ ಹಳೇ ಡಕೋಟಾ ವಿಮಾನ ಇನ್ನೂ ಉಳಿದಿದೆ ಅಂತ ತಿಳಿದು, ಮಾವನೇ ಹಟ ಮಾಡಿ ಹೊರಡಿಸಿದ್ದ.

ಒಂದು ಕಾಲಕ್ಕೆ ಸೂಟುಬೂಟಿನವರು ಕೂತು ಹಾರುತ್ತಿದ್ದ ವಿಮಾನ ಅದು. ಮಾವ ಸೈನ್ಯ ಸೇರುವ ಹೊತ್ತಿಗೆ ಸೀಟು ಕಿತ್ತು, ಈಶಾನ್ಯದ ಗುಡ್ಡಗಳ ಮೇಲಿನ ಠಾಣೆಗಳಿಗೆ ಅಕ್ಕಿ, ಬೇಳೆ, ಉಪ್ಪು ಎಸೆಯಲು ಇಟ್ಟುಕೊಂಡಿದ್ದರು. ಗೋಣಿಯೊಳಗೆ ಇನ್ನೊಂದು ಗೋಣಿ. ಒಳಗಿನದು ಒಡೆದರೆ ಹೊರಗಿನದು ಹಿಡಿಯಲಿ ಅಂತ. ಬಾಗಿಲಲ್ಲಿ ಮೂಟೆ ತಳ್ಳುವುದು ಮಾವನ ಕೆಲಸ. ಸುಬೇದಾರರು ಅಂಥದ್ದೇ ಠಾಣೆಯಲ್ಲಿ ಕೆಳಗೆ ನಿಂತು ಮೂಟೆ ಆಯ್ದವರು. ಒಂದು ಚಳಿಗಾಲ ಉಪ್ಪಿನ ಮೂಟೆ ಕಣಿವೆಗೆ ಬಿದ್ದು ಅವರ ಠಾಣೆಯವರೆಲ್ಲ ಸಪ್ಪೆ ಸಾರು ಉಂಡಿದ್ದರು. ಮಾವನೂ ಆಗ ಅದೇ ಠಾಣೆಗೆ ಹಾರುತ್ತಿದ್ದ ಅಂತ ಮಾತಿಗೆ ಮಾತು ಬಂದು ಗೊತ್ತಾಗಿತ್ತು.

ಸುಬೇದಾರರು ಶಾಂತಿಗ್ರಾಮದ ಮಗಳ ಮನೆಗೆ ಬಂದಾಗಲೆಲ್ಲ ಟೀ ಅಂಗಡಿಯಲ್ಲಿ ಆ ಉಪ್ಪಿನ ಮಾತು ಶುರು.

"ನಿಮ್ ಮಾವ ಮ್ಯಾಲೆ ನಿದ್ದೆ ಹೊಡೀತಿದ್ದ ಕಣಯ್ಯ."

"ನಿಮ್ಮೋರಿಗೆ ಕ್ಯಾಚ್ ಹಿಡಿಯಾಕೆ ಬರ್ನಿಲ್ಲ ಕಣ್ಲಾ," ಅನ್ನುತ್ತಿದ್ದ ಮಾವ. ಎಲ್ಲರೂ ನಗುತ್ತಿದ್ದರು. ಮಾವ ಮಾತ್ರ ಟೀ ಅರ್ಧಕ್ಕೇ ಬಿಟ್ಟು ಏಳುತ್ತಿದ್ದ. ಅವರಿಬ್ಬರದು ಇಪ್ಪತ್ತು ವರ್ಷದ ಸ್ನೇಹ.

ಮ್ಯೂಸಿಯಮ್ಮಿನ ಕಾವಲಿನವನೂ ಮಾಜಿ ಸೈನಿಕನೇ. ಇಬ್ಬರೂ ಎಲ್ಲೆಲ್ಲಿದ್ದರು ಅಂತ ಕೇಳಿ, ಸರಪಳಿ ತೆಗೆದು ಒಳಗೆ ಬಿಟ್ಟ. ಬಾಲ ನೆಲಕ್ಕೂರಿ ಮೂತಿ ಮೇಲೆತ್ತಿ ನಿಲ್ಲುವ ವಿಮಾನ. ಒಳಗೆ ನೆಲವೇ ಇಳಿಜಾರು. ಮಾವ ಬಾಗಿಲ ಪಕ್ಕ ಅಂಗಾತ ಮಲಗಿ, ಮೊಣಕಾಲು ಮಡಿಸಿ ತೋರಿಸಿದ.

"ಪೈಲಟ್ ಹೊಡೆಯೋ ಮೊದಲ್ನೇ ಬೆಲ್ಗೆ ಹಿಂಗೆ ಒದೀಬೇಕು. ಎರಡ್ನೇದಕ್ಕೆ ನಿಲ್ಲಿಸ್ಬೇಕು. ಆಮೇಲೆ ಒದ್ರೆ ಗುಡ್ಡ ದಾಟೋಗಿರ್ತದೆ."

"ಅದ್ನೇ ಅಲ್ವಾ ನಾನು ಇಷ್ಟ್ ವರ್ಸ ಬಡ್ಕೊಂಡಿದ್ದು?" ಅಂದರು ಸುಬೇದಾರರು.

ಮಾವ ಮಲಗಿದ್ದಲ್ಲಿಂದಲೇ ಅಂದ: "ಆವತ್ತು ಕೊನೇ ಮೂಟೆ, ಆ ಉಪ್ಪಿಂದೇ, ನೆಲದ ಕೊಂಡಿಗೆ ಸಿಕ್ಕಾಕ್ಕೊಂಡ್ತು. ಬಿಡಿಸೋವತ್ಗೆ ಬೆಲ್ ಆಗೋಯ್ತು. ಮೋಡ ಮುಚ್ಕೊಂತಿತ್ತು, ಇನ್ನೊಂದ್ ಸುತ್ತು ಹೊಡೆಯಂಗಿರ್ನಿಲ್ಲ. ಒದ್ಬುಟ್ಟೆ. ವಾಪಸ್ ತಂದಿದ್ರೆ ಮುಂದಿನ್ ಸಲ ಕಳಿಸೋರು. ಎಲ್ಲಾ ಠಾಣೆ ಮೇಲೇ ಬಿತ್ತು ಅಂತ ಬರೆಸ್ಬುಟ್ಟೆ, ಅದ್ಕೇ ನಿಮ್ಗೆ ಮತ್ತೆ ಉಪ್ಪು ಬರ್ನಿಲ್ಲ. ನಾನೇ ಕಣಪ್ಪ."

ಸುಬೇದಾರರು ಬಾಗಿಲಿಂದ ಕೆಳಗಿಳಿದು ಹೋದರು. ಮಾವನಿಗೆ ಏಳಲು ಆಗಲಿಲ್ಲ. ನಾನೂ ಕಾವಲಿನವನೂ ಹಿಡಿದು ಎತ್ತಿದೆವು.  ವಾಪಸ್ ಬರುವಾಗ ಚನ್ನರಾಯಪಟ್ಟಣದಲ್ಲಿ ಇಳಿದ ಸುಬೇದಾರರು "ಬತ್ತೀನಿ" ಅಂದದ್ದು ನನ್ನೊಬ್ಬನಿಗೆ.

ಎರಡು ತಿಂಗಳು ಅವರು ಮಗಳ ಮನೆಗೆ ಬಂದರೂ ಟೀ ಅಂಗಡಿ ಕಡೆ ತಲೆ ಹಾಕಲಿಲ್ಲ. "ಹೇಳಬಾರದಾಗಿತ್ತೇನೋ," ಅಂತ ಮಾವ ಒಂದು ಸಲ ಅಂದ.

ನವೆಂಬರಿನಲ್ಲಿ ಪಿಂಚಣಿಯವರು ಬದುಕಿದ್ದೇವೆ ಅಂತ ಬ್ಯಾಂಕಿಗೆ ತೋರಿಸಬೇಕು. ಹಾಸನಕ್ಕೆ ಮಾವನನ್ನು ಕರೆದುಕೊಂಡು ಹೋದೆ. ಹೆಬ್ಬೆಟ್ಟು ಸವೆದು ಮೆಷಿನ್ನು ಹಿಡಿಯಲಿಲ್ಲ. ಗುರುತಿನ ಇನ್ನೊಬ್ಬ ಪಿಂಚಣಿದಾರರು ಸೈನ್ ಹಾಕಲಿ ಅಂದರು ಕೌಂಟರಿನವರು. ಕ್ಯೂನಲ್ಲಿ ನಾಲ್ಕು ಜನರ ಹಿಂದಿದ್ದ ಸುಬೇದಾರರು ಮುಂದೆ ಬಂದು ಪೆನ್ನು ತಗೊಂಡರು.

"ಎಲ್ಲಿ ಸಾ ಹಾಕ್ಬೇಕು?" ಅಂತ ಕೌಂಟರಿನವರನ್ನು ಕೇಳಿ, ಮಾವನ ಫಾರಮ್ಮಿಗೆ ಸೈನ್ ಹಾಕಿದರು.