ಹತ್ತಿ ಇಳಿದು ಪವಾಯಿಗೆ

ಭಾನುವಾರ ಬೆಳಿಗ್ಗೆ ಎಂಟೂ ಕಾಲಿಗೆ ಚೆಂಬೂರಿನ ನಮ್ಮ ಬಿಲ್ಡಿಂಗಿನಿಂದ ಹೊರಟೆವು. ನಾನು, ನಮ್ಮ ಯಜಮಾನರು, ಅವರ ಕೆಂಪು ಕಾರು. ಸ್ಟೀಲ್ ಡಬ್ಬಿಯಲ್ಲಿ ಆರು ಚಪಾತಿ, ಶೇಂಗಾ ಚಟ್ನಿ, ಜೊತೆಗೆ ಎರಡು ಬಾಟಲಿ ನೀರು. ಮಳೆ ಹಿಂದೆಗೆದು ಸೆಕೆ ಶುರುವಾಗಿತ್ತು. ಮೊದಲು ಧಾರಾವಿಯ ಮೆಕ್ಯಾನಿಕ್, ಅಲ್ಲಿಂದ ಪವಾಯಿಯ ಶೋರೂಮು. ಎಲ್ಲ ಸೇರಿ ಹದಿನೆಂಟು ಕಿಲೋಮೀಟರ್. ಈ ಕಾರನ್ನು ಇಟ್ಟುಕೊಳ್ಳುವುದೋ, ಕೊಟ್ಟು ಹೊಸದು ತರುವುದೋ ಎಂಬುದು ಸಂಜೆಯೊಳಗೆ ತೀರ್ಮಾನವಾಗಬೇಕಿತ್ತು.

ಇದು ರೇಸಿನ ಜಾತಿಯ ಕಾರು. ಹದಿನಾಲ್ಕು ವರ್ಷದ ಹಿಂದೆ ಬಡ್ತಿ ಸಿಕ್ಕ ಸಂಭ್ರಮದಲ್ಲಿ ಇವರು ತಂದದ್ದು. ಆರು ಗೇರು, ಟರ್ಬೊ ಎಂಜಿನ್ನು, ಇನ್ನೂರ ಅರವತ್ತರ ತನಕ ಅಂಕಿ ಬರೆದ ಸ್ಪೀಡೋಮೀಟರು. ಮುಂಬಯಿಯಲ್ಲಿ ಆ ಮುಳ್ಳು ಎಂಬತ್ತು ದಾಟಿದ್ದನ್ನು ನಾನಂತೂ ಕಂಡಿಲ್ಲ. ಬರುವ ವರ್ಷ ಹದಿನೈದು ತುಂಬುತ್ತದೆ. ಆಮೇಲೆ ಆರ್‌ಟಿಒ ತಪಾಸಣೆ, ಹೊಸ ನೋಂದಣಿ. ಕೊಡುವ ಮಾತು ತೆಗೆದವರು ಇವರೇ. ಆದರೆ ಕಾರಣ ನನ್ನ ಮೊಣಕಾಲು ಎಂದು ಬಿಲ್ಡಿಂಗಿನ ಎಲ್ಲರಿಗೂ ಹೇಳಿಕೊಂಡು ಬಂದಿದ್ದರು. ನೆಲಕ್ಕಂಟಿದ ಸೀಟಿನಿಂದ ಏಳುವುದು ನನಗೆ ಕಷ್ಟವಂತೆ.

ನಿಜ ಹೇಳಬೇಕೆಂದರೆ ನನ್ನಷ್ಟು ಗಟ್ಟಿ ಮೊಣಕಾಲು ನಮ್ಮ ಬಿಲ್ಡಿಂಗಿನಲ್ಲಿ ಯಾರಿಗೂ ಇಲ್ಲ. ಅದಕ್ಕೂ ಈ ಕಾರೇ ಕಾರಣ. ಅದರ ಹೊಟ್ಟೆ ರಸ್ತೆಗೆ ನಾಲ್ಕು ಬೆರಳು ಮೇಲೆ. ಸ್ಪೀಡ್ ಬ್ರೇಕರ್ ಬಂತೆಂದರೆ ಭಾರ ಕಡಿಮೆ ಮಾಡಲು ನಾನು ಇಳಿಯಬೇಕು, ಮುಂದೆ ನಡೆದು, ಬಗ್ಗಿ ನೋಡುತ್ತ, "ಬರ್ರಿ, ಬರ್ರಿ, ಸ್ವಲ್ಪ ಓರೆ ಮಾಡ್ರಿ" ಎಂದು ಕೈ ಬೀಸಬೇಕು. ಕಾರು ಓರೆಯಾಗಿ ದಾಟಿದ ಮೇಲೆ ಮತ್ತೆ ಹತ್ತಬೇಕು. ಹದಿನಾಲ್ಕು ವರ್ಷದಿಂದ ಇದೇ ರಿವಾಜು. ಅಂದು ಸಯನ್ ತಲುಪುವಷ್ಟರಲ್ಲಿ ಏಳು ಸಲ ಇಳಿದಿದ್ದೆ. ರಿಕ್ಷಾದಲ್ಲಿದ್ದ ಒಬ್ಬ ಅಜ್ಜಿ, ಗಂಡ ಹೆಂಡಿರ ಜಗಳವೆಂದು ತಿಳಿದು, ಹೊಂದಿಕೊಂಡು ಹೋಗಬೇಕಮ್ಮ ಎಂದು ಮರಾಠಿಯಲ್ಲಿ ಬುದ್ಧಿ ಹೇಳಿದರು.

ಧಾರಾವಿಯ ಗಲ್ಲಿಯೊಳಗೆ ಕಾರು ಹೋಗುವುದಿಲ್ಲ. ಗಲ್ಲಿಯ ಬಾಯಲ್ಲೇ ನಿಲ್ಲಿಸಿದೆವು. ಮೆಕ್ಯಾನಿಕ್ ಹಣಮಂತ ವಿಜಯಪುರದ ಕಡೆಯವನು, ಈ ಕಾರಿನ ಕೈಹಿಡಿದು ನಡೆಸಿಕೊಂಡು ಬಂದವನು. ಶೋರೂಮಿನವರಿಗೆ ತೋರಿಸುವ ಮುಂಚೆ ಒಮ್ಮೆ ನೋಡಿಬಿಡು ಎಂದು ಇವರು ಹೇಳಿ, ಚಹಾ ತರಲು ಹೋದರು. ಹಣಮಂತ ಕಾರಿನಲ್ಲಿ ಒಂದು ಸುತ್ತು ಹೊಡೆದು ಬಂದು ನನ್ನ ಪಕ್ಕ ನಿಂತ.

"ಅಕ್ಕಾರ, ಸಾಹೇಬ್ರ ಕಾಲಿಗೆ ಏನಾಗೇತ್ರಿ?"

"ಏನಿಲ್ಲಲ್ಲಪಾ. ಯಾಕ?"

"ಕ್ಲಚ್ ಅರ್ಧಾನ ತುಳೀತಾರ. ಒಂದ ವರ್ಷದಾಗ ಎರಡು ಪ್ಲೇಟ್ ಸುಟ್ಟಾವು. ಗಾಡಿ ಮುದುಕ ಆಗಿಲ್ರಿ."

ಅಷ್ಟು ಹೇಳಿ ಬಾನೆಟ್ಟಿನೊಳಗೆ ತಲೆ ಹಾಕಿದ. ಇವರು ಬಂದರು. ಚಹಾ ತೆಗೆದುಕೊಳ್ಳುತ್ತ ನಾನು ಇವರ ಕಾಲಿನ ಕಡೆ ನೋಡಿದೆ.

ಅಲ್ಲಿಂದ ಪವಾಯಿಗೆ ಕುರ್ಲಾ, ಸಾಕಿನಾಕಾ ಮೇಲೆ ಹೋದೆವು. ಸಾಕಿನಾಕಾದ ಟ್ರಾಫಿಕ್ಕಿಗೆ ಭಾನುವಾರವೆಂಬುದು ಗೊತ್ತಿಲ್ಲ. ಎರಡು ಕಿಲೋಮೀಟರಿಗೆ ನಲವತ್ತು ನಿಮಿಷ ಹಿಡಿಯಿತು. ನಾನು ರಸ್ತೆ ಬಿಟ್ಟು ಇವರ ಎಡಗಾಲನ್ನೇ ನೋಡುತ್ತ ಕುಳಿತೆ. ಪ್ರತಿ ಸಲ ಕ್ಲಚ್ ತುಳಿದಾಗ "ಹಾ" ಎಂದು ಸಣ್ಣಗೆ ನರಳಿ, ನಾನು ನೋಡಿದ್ದು ಕಂಡ ಕೂಡಲೇ ಅದನ್ನು ಆಕಳಿಕೆಯಾಗಿ ಮುಗಿಸುತ್ತಿದ್ದರು. ಒಂದು ಗಂಟೆಯಲ್ಲಿ ಮೂವತ್ತು ಸಲ ಆಕಳಿಸಿದರು. ದಿನಾ ಸಂಜೆ ಕಾರಿನಿಂದ ಇಳಿದು, ಬಾಗಿಲು ಹಿಡಿದು, ಒಂದು ನಿಮಿಷ ಬಗ್ಗಿ ನಿಲ್ಲುತ್ತಿದ್ದದ್ದು ಟೈರು ನೋಡಲಿಕ್ಕಲ್ಲ ಎಂಬುದು ನನಗೆ ಆಗ ಹೊಳೆಯಿತು.

ಶೋರೂಮಿನಲ್ಲಿ ಏಸಿ ಥಂಡಿ, ಬಿಸ್ಕತ್ತು ಮೆತ್ತಗೆ. ಸಾವಂತ್ ಎಂಬ ಸೇಲ್ಸ್‌ಮನ್ ಎದ್ದು ಬಂದ. ಯಾರಿಗಾಗಿ ಹೊಸ ಗಾಡಿ ಎಂದು ಅವನು ಕೇಳುವ ಮೊದಲೇ ಇವರು ನನ್ನ ಮೊಣಕಾಲಿನ ಚರಿತ್ರೆ ಶುರು ಮಾಡಿದರು. ನಮ್ಮ ಕಾರನ್ನು ಪರೀಕ್ಷಿಸಿದ ಶೋರೂಮಿನ ಹುಡುಗ, ಐದನೇ, ಆರನೇ ಗೇರುಗಳನ್ನು ಮುಟ್ಟಿಯೇ ಇಲ್ಲವೇನು ಎಂದು ಅನುಮಾನದಿಂದ ಕೇಳಿದ. ಮುಂಬಯಿಯಲ್ಲಿ ಎಲ್ಲಿ ಮುಟ್ಟುವುದು ಎಂದು ಇವರು ತಿರುಗಿ ಕೇಳಿದರು.

ಆಮೇಲೆ ಹೊಸ ಕಾರನ್ನು ಓಡಿಸಿ ನೋಡಲು ಕೆರೆಯ ಬದಿಯ ರಸ್ತೆಗೆ ಹೋದೆವು. ಎತ್ತರದ ಸೀಟು, ಕ್ಲಚ್ಚೇ ಇಲ್ಲದ ಗಾಡಿ. ಇವರು ಚಾಲಕರು, ನಾನು ಪಕ್ಕ, ಸಾವಂತ್ ಹಿಂದೆ. ಎದುರಿಗೆ ಸ್ಪೀಡ್ ಬ್ರೇಕರ್ ಬಂತು. ಇವರು ಬ್ರೇಕ್ ಹಾಕಿದರು; ನಾನು ಬಾಗಿಲು ತೆಗೆದು ಇಳಿದೆ. ಕಾರು ಪೀಂ ಪೀಂ ಎಂದು ಬಡಿದುಕೊಳ್ಳತೊಡಗಿತು. ನಾನು ನಡೆದು ಹೋಗಿ, ಬಗ್ಗಿ, "ಬರ್ರಿ, ಬರ್ರಿ" ಎಂದು ಕೈ ಬೀಸಿದೆ. ಇವರು ಓರೆ ಮಾಡಿಕೊಂಡು ಬಂದರು. ಕಾರಿನ ಕೆಳಗೆ ಒಂದು ಬೆಕ್ಕು ಆರಾಮಾಗಿ ಕುಳಿತುಕೊಳ್ಳುವಷ್ಟು ಜಾಗವಿತ್ತು. ಸಾವಂತ್ ಗಾಜು ಇಳಿಸಿ, "ಮ್ಯಾಡಮ್, ಕುಛ್ ಗಲತ್ ಹುವಾ ಕ್ಯಾ?" ಎಂದು, ಏನಾದರೂ ತಪ್ಪಾಯಿತೇ ಎಂದು, ಹಿಂದಿಯಲ್ಲಿ ಕೇಳಿದ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಶೋರೂಮಿಗೆ ಮರಳಿ ಇಳಿದಾಗ ಇವರು ಬಾಗಿಲು ಹಿಡಿಯಲಿಲ್ಲ, ಬಗ್ಗಲಿಲ್ಲ. ನೆಟ್ಟಗೆ ನಡೆದು ಹೋದರು. ಹೋದದ್ದು ಮಾತ್ರ ಸೀದಾ ಕೆಂಪು ಕಾರಿನ ಹತ್ತಿರ. ಅದರ ಮೇಲೆ ಕೈಯಿಟ್ಟು ನಿಂತು, ನಾನು ಸಮೀಪ ಹೋದಾಗ ದನಿ ತಗ್ಗಿಸಿದರು.

"ಎಂಜಿನ್ ಏನೂ ಆಗಿಲ್ಲ. ನೋಂದಣಿ ಮಾಡಿಸಿದ್ರ ಇನ್ನೂ ಐದು ವರ್ಷ ಓಡ್ತೈತಿ. ನಿನ್ನ ಮೊಣಕಾಲು ತಡಕೋತೈತಿ ಅಂದ್ರ, ಇಟ್ಕೊಳ್ಳೋಣೇನು?"

ತಡಕೊಳ್ಳುತ್ತದೆ ಎಂದಿದ್ದರೆ ಇವರ ಎಡಗಾಲು ಇನ್ನೂ ಐದು ವರ್ಷ ಕ್ಲಚ್ ತುಳಿಯಬೇಕಾಗುತ್ತಿತ್ತು. ನಾನು ಪಕ್ಕದಲ್ಲಿದ್ದ ವಾಚ್‌ಮನ್ನನ ಕುರ್ಚಿಯಲ್ಲಿ ಕುಳಿತು, ಸೀರೆಯ ಮೇಲಿಂದ ಮೊಣಕಾಲನ್ನು ಎರಡೂ ಕೈಯಿಂದ ಒತ್ತಿಕೊಂಡೆ.

"ಆಗಾಂಗಿಲ್ರಿ. ಹತ್ತಿ ಇಳದು ನನಗ ಸಾಕಾಗೇತಿ."

ಇವರು ಸಹಿ ಹಾಕಿದರು. ಹೊಸ ಕಾರು ಬರುವ ತನಕ ಹಳೆಯದನ್ನು ಒಯ್ಯಬಹುದು ಎಂದು ಸಾವಂತ್ ಹೇಳಿದ. ಮತ್ತೆ ಮನೆಗೆ ಒಯ್ದರೆ ಮನಸ್ಸು ತಿರುಗುತ್ತದೆಂದು ಇವರು ಬೀಗದ ಕೈಯನ್ನು ಅಲ್ಲೇ ಬಿಟ್ಟರು. ಚಪಾತಿ ಡಬ್ಬಿ ಎತ್ತಿಕೊಂಡು, ಹೊರಗೆ ರಿಕ್ಷಾ ಹಿಡಿದೆವು. ತಿರುವಿನಲ್ಲಿ ಇವರು ಬಗ್ಗಿ ಹಿಂದಕ್ಕೆ ನೋಡಿದರು. ಕೆಂಪು ಬಣ್ಣ ಒಂದು ಕ್ಷಣ ಕಂಡು, ನೀರಿನ ಟ್ಯಾಂಕರಿನ ಮರೆಗೆ ಹೋಯಿತು.

ವಿಕ್ರೋಳಿ ದಾಟಿದೆವು. ಆಮೇಲೆ ಇವರೇ ಮಾತು ಶುರು ಮಾಡಿದರು.

"ಬಿಲ್ಡಿಂಗಿನವರು ಕೇಳಿದ್ರ, ನಿನ್ನ ಮೊಣಕಾಲು ಅಂತನ ಹೇಳ್ತೀನಿ."

"ಹೇಳ್ರಿ."

"ಯಾವ ಕಾಲು ಅಂತ ಕೇಳಿದ್ರ?"

"ಎಡಗಾಲು ಅನ್ರಿ."

ಇವರು ನನ್ನನ್ನೊಮ್ಮೆ ನೋಡಿದರು. ಈ ಸಲ ಆಕಳಿಸಲಿಲ್ಲ. ಚಪಾತಿ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, "ಹಾ" ಎಂದು ಬಾಯಿಬಿಟ್ಟು ನರಳಿ, ಎಡಗಾಲನ್ನು ಪೂರ್ತಿ ಚಾಚಿದರು.