ನಕ್ಷೆಯಲ್ಲಿ ಮಲಗಿದವರು

ಬೆಳಗಿನ ಐದೂ ಕಾಲು. ಚನ್ನಗಿರಿಯ ಟ್ರಸ್ಟ್ ಆಸ್ಪತ್ರೆಯೊಂದರ ಉದ್ದನೆಯ ಕಾರಿಡಾರಿನಲ್ಲಿ ದುರುಗಮ್ಮ ಬಗ್ಗಿ, ಊಟದ ತಟ್ಟೆಗಿಂತ ತುಸು ಅಗಲವಿರುವ ಬಿಳಿ ಯಂತ್ರದ ನೆತ್ತಿಯನ್ನು ಒತ್ತುತ್ತಾರೆ. ಅದು ಸಣ್ಣಗೆ ಗುರುಗುಟ್ಟಿ, ಗೋಡೆ ಹಿಡಿದು ಹೊರಡುತ್ತದೆ. ಎರಡು ಹೆಜ್ಜೆ ಹಿಂದೆ ಬಕೆಟ್ಟು, ಮಾಪು ಹಿಡಿದ ದುರುಗಮ್ಮ. ಯಂತ್ರ ಬಿಟ್ಟ ಮೂಲೆಗಳು ಅವರ ಪಾಲು. ಅದಕ್ಕೆ ಅವರಿಟ್ಟ ಹೆಸರು ಆಮೆ. ದಾನಿಯೊಬ್ಬರು ಆಸ್ಪತ್ರೆಗೆ ಕೊಟ್ಟ, ತಾನೇ ದಾರಿ ಹುಡುಕಿಕೊಂಡು ನೆಲ ಗುಡಿಸಿ ಒರೆಸುವ ರೋಬೋಟ್ ಅದು.

ಮೂವತ್ತೆಂಟು ನಿಮಿಷ ಕಳೆದ ಮೇಲೆ ಆಮೆ ತನ್ನ ಜಾಗಕ್ಕೆ ಮರಳುತ್ತದೆ. ದುರುಗಮ್ಮ ಕೈ ತೊಳೆದು, ಸೆರಗಿಗೆ ಒರೆಸಿ, ನೋಂದಣಿ ಕೌಂಟರಿನ ಕಂಪ್ಯೂಟರ್ ಮುಂದೆ ಕೂರುತ್ತಾರೆ. ಎಡಗಡೆಯ ಎರಡನೇ ಚಿತ್ರ, ಆಮೇಲೆ ಹಸಿರು ಗುಂಡಿ. ಆಮೆ ಆವತ್ತು ಓಡಾಡಿ ಬರೆದ ನೆಲದ ನಕ್ಷೆ ಅದರ ಹೊಟ್ಟೆಯಿಂದ ಇಳಿದು ಪರದೆಗೆ ಬರುತ್ತದೆ. ಅದನ್ನು ಮುದ್ರಿಸಿ, ಮೂಲೆಯಲ್ಲಿ ತಾರೀಖು ಬರೆದು, ಫೈಲಿಗೆ ಸೇರಿಸುತ್ತಾರೆ. ಇದುವರೆಗೆ ನೂರ ನಲವತ್ಮೂರು ಹಾಳೆ.

ದುರುಗಮ್ಮನಿಗೆ ಐವತ್ತೊಂದು ವರ್ಷ. ಜಗಳೂರು ತಾಲ್ಲೂಕಿನ ಸೊಕ್ಕೆಯಲ್ಲಿ ಹುಟ್ಟಿ, ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಮದುವೆಯಾಗಿ ಚನ್ನಗಿರಿಗೆ ಬಂದವರು. ಗಂಡ ತೀರಿಕೊಂಡ ವರ್ಷ ಈ ಆಸ್ಪತ್ರೆ ಸೇರಿದರು. ಹದಿನೇಳು ವರ್ಷ ಮೊಣಕಾಲೂರಿ ಒರೆಸಿದ ನೆಲ ಇದು. ಆಮೆ ಬಂದಾಗ ತನ್ನ ಕೆಲಸ ಹೋಯಿತೆಂದು ಹೆದರಿದ್ದರಂತೆ. ಹೋಗಲಿಲ್ಲ, ಏಕೆಂದರೆ ಆಮೆ ಸರಿಯಾಗಿ ಕೆಲಸ ಮಾಡಲಿಲ್ಲ.

ಕಾರಿಡಾರಿನಲ್ಲಿ ಎಷ್ಟೋ ಕಡೆ ಅದು ಏನನ್ನೋ ಬಳಸಿಕೊಂಡು ಹೋಗುತ್ತಿತ್ತು. ಮಧ್ಯಾಹ್ನ ಮೂರಕ್ಕೆ, ನೆಲ ಖಾಲಿ ಇದ್ದಾಗಲೂ ಹಾಗೆಯೇ. ಕಂಪನಿಯಿಂದ ಬಂದ ಎಂಜಿನಿಯರ್ ಫೋನಿನಲ್ಲಿ ನಕ್ಷೆ ತೆರೆದು, ನಿಮ್ಮ ಕಾರಿಡಾರಿನಲ್ಲಿ ಹದಿನಾರು ಕಂಬಗಳಿವೆ, ಯಂತ್ರದ ತಪ್ಪೇನೂ ಇಲ್ಲ ಎಂದರು. ದುರುಗಮ್ಮ ಬಗ್ಗಿ ನೋಡಿದರು. ಬಿಳಿ ನೆಲದ ಮೇಲೆ ಉದ್ದುದ್ದ ಕಪ್ಪು ಗುರುತುಗಳು.

"ಅವು ಕಂಬ ಅಲ್ರೀ ಸರ್, ಮಂದಿ" ಅಂದರು.

ರೋಗಿಗಳ ಜೊತೆಗೆ ಬಂದವರು ರಾತ್ರಿ ಚಾಪೆ ಹಾಸಿ ಮಲಗುವುದು ಆ ಕಾರಿಡಾರಿನಲ್ಲಿಯೇ. ಆಮೆ ನಸುಕಿನಲ್ಲಿ ಹೊರಡುವಾಗ ಅವರಿನ್ನೂ ಎದ್ದಿರುವುದಿಲ್ಲ. ಅದು ಅವರನ್ನು ಕಟ್ಟಡದ ಭಾಗವೆಂದುಕೊಂಡು ನಕ್ಷೆ ಬರೆಯುತ್ತಿತ್ತು. ಮಧ್ಯಾಹ್ನ ಅದೇ ನಕ್ಷೆ ನಂಬಿ, ಎದ್ದು ಹೋದವರ ಜಾಗವನ್ನೂ ತುಳಿಯದೆ ಸುತ್ತಿ ಹೋಗುತ್ತಿತ್ತು. ಆ ಕಟ್ಟಡದಲ್ಲಿ ಅವರಿಗೆ ಅಷ್ಟು ಮರ್ಯಾದೆ ಕೊಟ್ಟದ್ದು ಅದೊಂದೇ ಇರಬೇಕು.

ಕಾರಣ ಗೊತ್ತಾಗಿದ್ದು ಮಾತ್ರ ತಿರುಗುಬಾಣವಾಯಿತು. ಮುಂದಿನ ತಿಂಗಳು ಕಳೆದ ಮೇಲೆ ಯಾರೂ ಒಳಗೆ ಮಲಗುವಂತಿಲ್ಲ ಎಂದು ಮ್ಯಾನೇಜರ್ ನಾಗರಾಜಪ್ಪ ಬೋರ್ಡು ಹಾಕಿಸಿದರು. ಎಂಜಿನಿಯರ್ ತೋರಿಸಿದ ನಕ್ಷೆಯನ್ನು ಅವರು ನೋಡಿರಲಿಲ್ಲ; ನಾಲ್ಕೈದು ಜನ ಇದ್ದಾರೇನೋ, ಬಸ್ ಸ್ಟ್ಯಾಂಡಿಗೆ ಹೋಗಲಿ ಎಂಬ ಅಂದಾಜು ಅವರದು.

ದುರುಗಮ್ಮನ ತವರೂರು ಸೊಕ್ಕೆಯವರೇ ಆದ ತಿಪ್ಪೇಶಪ್ಪ ಆಗ ಹೆಂಡತಿಯ ಜೊತೆ ಹನ್ನೊಂದು ದಿನದಿಂದ ಅಲ್ಲಿದ್ದರು. ಹೊಟ್ಟೆಯ ಆಪರೇಷನ್ ಆಗಿದ್ದ ಶಿವಲೀಲಾಗೆ ನೀರು ಬೇಕೆಂದರೂ ಅವರೇ ಏಳಬೇಕು. ಮೊನ್ನೆ ನನ್ನ ಜೊತೆ ಫೋನಿನಲ್ಲಿ ಆ ಬೋರ್ಡನ್ನು ನೆನೆಯುವಾಗಲೂ ಅವರ ದನಿ ಗಟ್ಟಿಯಾಯಿತು. "ಬಸ್ ಸ್ಟ್ಯಾಂಡ್‌ನಾಗೆ ಮಲಗಿದ್ರೆ ಆಕಿ ಕೂಗಿದ್ದು ನಂಗೆ ಹೆಂಗೆ ಕೇಳಿಸ್ಬೇಕ್ರೀ?"

ದುರುಗಮ್ಮನಿಗೆ ಟ್ರಸ್ಟಿನವರ ಸಭೆಯಲ್ಲಿ ಮಾತಾಡಿ ಗೊತ್ತಿಲ್ಲ. ನಕ್ಷೆಗಳನ್ನು ತೋರಿಸಬಹುದು ಅಂದುಕೊಂಡರು. ಆದರೆ ಕಂಪನಿಯ ಆ್ಯಪಿನಲ್ಲಿ ಇವತ್ತಿನ ನಕ್ಷೆ ಬಂದರೆ ನಿನ್ನೆಯದು ಅಳಿಸಿಹೋಗುತ್ತದೆ. ಕೌಂಟರಿನ ಕಾವ್ಯಶ್ರೀ ನಾಲ್ಕು ದಿನ ಹುಡುಕಿ, ಇಂಟರ್ನೆಟ್ಟಿನಲ್ಲಿ ಒಂದು ಸಣ್ಣ ತಂತ್ರಾಂಶ ಪತ್ತೆ ಮಾಡಿದರು. ಆಮೆಯಂಥ ಯಂತ್ರಗಳ ನಕ್ಷೆಯನ್ನು ಇಳಿಸಿಕೊಡುವುದಷ್ಟೇ ಅದರ ಕೆಲಸ. ಯಾರೋ ಎಲ್ಲೋ ಬರೆದು, ಬೇಕಾದವರು ಬಳಸಿಕೊಳ್ಳಲಿ ಎಂದು ಬಿಟ್ಟಿದ್ದಾರೆ. ಕಾವ್ಯಶ್ರೀ ಬರುವುದು ಒಂಬತ್ತಕ್ಕೆ, ಅಷ್ಟರಲ್ಲಿ ಕೌಂಟರಿಗೆ ಜನ ಮುತ್ತಿರುತ್ತಾರೆ. ಹಾಗಾಗಿ ಗುಂಡಿ ಒತ್ತುವುದನ್ನು ದುರುಗಮ್ಮನೇ ಕಲಿತರು. "ಇಂಗ್ಲಿಷ್ ಬರಲ್ಲ ನಂಗೆ. ಜಾಗ ಗೊತ್ತೈತೆ, ಬಣ್ಣ ಗೊತ್ತೈತೆ. ಮನೆಯಾಗೆ ಕತ್ಲಲ್ಲಿ ಉಪ್ಪಿನ ಡಬ್ಬಿ ಹುಡುಕಲ್ವಾ, ಹಂಗೆ."

ಇಪ್ಪತ್ತಾರು ದಿನ ನಕ್ಷೆ ಇಳಿಸಿಕೊಂಡರು. ಪ್ರತಿ ಕಪ್ಪು ಗುರುತಿನ ಪಕ್ಕ ಬಾಲ್‌ಪೆನ್ನಿನಲ್ಲಿ ಬರೆದರು: ಹೊನ್ನಾಳಿ, ಸೊಸೆ ಹೆರಿಗೆ. ಸವಳಂಗ, ತಮ್ಮನ ಕಾಲು. ನ್ಯಾಮತಿ, ತಾಯಿಗೆ ಉಸಿರಾಟ. ಸೊಕ್ಕೆ, ಹೆಂಡತಿ ಹೊಟ್ಟೆ. ಅಷ್ಟೂ ಹಾಳೆಗಳನ್ನು ಟ್ರಸ್ಟಿನವರ ಮೇಜಿನ ಮೇಲೆ ಸಾಲಾಗಿ ಹರಡಿ, ಗೋಡೆಗೆ ಒರಗಿ ನಿಂತರು. ನಾಗರಾಜಪ್ಪನೇ ಒಂದೊಂದನ್ನೂ ಓದಿದರಂತೆ. ಒಂದು ದಿನವೂ ಹನ್ನೆರಡಕ್ಕಿಂತ ಕಡಿಮೆ ಇರಲಿಲ್ಲ. ಸಂಜೆ ಅವರೇ ಬೋರ್ಡು ಬಿಚ್ಚಿದರು. "ನಾನು ನಾಲ್ಕೈದು ಅಂದ್ಕಂಡಿದ್ದೆ. ನಾನು ಬರೋ ಹೊತ್ತಿಗೆ ಚಾಪೆ ಸುತ್ತಿಟ್ಟಿರ್ತಿದ್ರು, ಕಂಡೇ ಇರ್ಲಿಲ್ಲ" ಎಂದು ಅವರು ಮುಜುಗರವಿಲ್ಲದೆ ಒಪ್ಪಿಕೊಳ್ಳುತ್ತಾರೆ.

ಮಡಚುವ ಕಬ್ಬಿಣದ ಮಂಚ ಮಾಡಿಸುವುದೆಂದು ತೀರ್ಮಾನವಾಯಿತು. ಮುದುಕರು ಬಿದ್ದರೂ ಪೆಟ್ಟಾಗದಷ್ಟು ತಗ್ಗು, ಆಮೆ ಕೆಳಗೆ ನುಸುಳುವಷ್ಟು ಎತ್ತರ. ಮೊದಲು ಬಂದ ಮಂಚದ ಅಡಿಯಲ್ಲಿ ಅಡ್ಡ ಸರಳಿತ್ತು, ಆಮೆ ಸಿಕ್ಕಿಹಾಕಿಕೊಂಡಿತು. ಮರುದಿನ ದುರುಗಮ್ಮ ಆಮೆಯನ್ನೇ ಕಂಕುಳಲ್ಲಿ ಎತ್ತಿಕೊಂಡು ವೆಲ್ಡಿಂಗ್ ಅಂಗಡಿಗೆ ಹೋದರು. ಇದನ್ನು ದುರಸ್ತಿಗೆ ತಂದೆಯೇನಮ್ಮ ಎಂದು ಅಂಗಡಿಯವರು ನಕ್ಕರೆ, "ಅಳತೆಗೆ ತಂದೀನಣ್ಣ. ಮದುವೆ ಹೆಣ್ಣಿಗೆ ಬಳೆ ಅಳತೆ ತಗಂಬಲ್ವಾ, ಹಂಗೆ ಇದ್ರದ್ದು ತಗ" ಅಂದರಂತೆ. ಒಂದು ಗೇಣು ಎತ್ತರದ ಇಪ್ಪತ್ತು ಮಂಚ ತಯಾರಾದವು. ಹಗಲು ಮಡಚಿ ಗೋಡೆಗೆ ಒರಗಿಸುತ್ತಾರೆ, ಬೇಕಾದವರು ರಾತ್ರಿ ಬಿಡಿಸಿಕೊಳ್ಳುತ್ತಾರೆ. ಮೊದಲ ಮಂಚ ಬಿಡಿಸಿಕೊಂಡವರು, ಹೆಂಡತಿಯ ಗಾಯ ಮಾಗದೆ ಇನ್ನೂ ಅಲ್ಲೇ ಇದ್ದ ತಿಪ್ಪೇಶಪ್ಪ. ಹೆಂಡತಿಯ ಕೋಣೆಯ ಬಾಗಿಲಿಗೆ ತಲೆ ಮಾಡಿ ಮಲಗಿದರು. ಶಿವಲೀಲಾ ಗುಣವಾಗಿ ಊರಿಗೆ ಹೋದ ಮೇಲೆ ಒಂದು ಚೀಲ ಜೋಳ ಕಳಿಸಿದ್ದಾರೆ.

ಈಗ ಹಾಳೆ ಇಳಿಸಬೇಕೆಂದು ಯಾರೂ ಕೇಳುವುದಿಲ್ಲ. ದುರುಗಮ್ಮ ನಿಲ್ಲಿಸಿಲ್ಲ. ಇಂದಿನ ಹಾಳೆ ಇನ್ನೂ ಬೆಚ್ಚಗಿದೆ. ಅದರಲ್ಲಿ ಕಪ್ಪು ಗುರುತುಗಳಿಲ್ಲ. ನೆಲವೆಲ್ಲ ಬಿಳಿ, ಅಲ್ಲಲ್ಲಿ ನಾಲ್ಕು ನಾಲ್ಕು ಚುಕ್ಕಿ. ಮಂಚದ ಕಾಲುಗಳು.

ಅವರಿಗೊಂದು ಆಸೆಯಿದೆ. ಆ ತಂತ್ರಾಂಶ ಬರೆದವರು ಯಾರೆಂದು ಕಾವ್ಯಶ್ರೀಗೂ ಗೊತ್ತಿಲ್ಲ, ಅಲ್ಲಿ ಹೆಸರಿಲ್ಲ, ಒಂದು ಇಮೇಲ್ ವಿಳಾಸ ಇದೆ ಅಷ್ಟೆ. ಅದನ್ನು ಬರೆದವರಿಗೆ ಒಂದು ಹಾಳೆ ಕಳಿಸಬೇಕು. "ಅವ್ರಿಗೆ ಕನ್ನಡ ಬರ್ತೈತೋ ಇಲ್ವೋ. ಯಾರು ಏನು ಇಳಿಸ್ಕಂಡ್ರು ಅಂತ ಅವ್ರಿಗೆ ಹೆಂಗೆ ಗೊತ್ತಾಗ್ಬೇಕು, ಪಾಪ."

ಏನು ಬರೆಯುತ್ತೀರಿ ಎಂದರೆ, ಅದಾಗಲೇ ಬರೆದಾಗಿದೆ ಎನ್ನುವಂತೆ ಇಂದಿನ ಹಾಳೆಯನ್ನು ನನ್ನ ಕಡೆ ತಿರುಗಿಸಿ ತೋರಿಸುತ್ತಾರೆ. ಕಾರಿಡಾರಿನ ಕೊನೆಯಲ್ಲಿ, ಹೆರಿಗೆ ಕೋಣೆಯ ಬಾಗಿಲ ಪಕ್ಕ, ನಾಲ್ಕು ಚುಕ್ಕಿಗಳ ನಡುವೆ ಪುಟ್ಟ ಅಕ್ಷರಗಳಲ್ಲಿ ಒಂದು ಸಾಲು: ಇಲ್ಲಿ ಒಬ್ಬರು ಮಲಗಿದ್ದಾರೆ.